ಕಾರಿನ ನೀರು ಹೋದ ದಾರಿ

ನನ್ನ ತಮ್ಮನ ಕಾರು ನೀರು ಕುಡಿಯುತ್ತಿತ್ತು. ಬೆಳಿಗ್ಗೆ ರೇಡಿಯೇಟರಿಗೆ ತುಂಬಿಸಿದ ನೀರು ಸಂಜೆ ಹೊತ್ತಿಗೆ ಅರ್ಧವೂ ಇರುತ್ತಿರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ನೆಲದ ಮೇಲೆ ಒಂದು ಹನಿ ಬಿದ್ದ ಗುರುತಿಲ್ಲ. ಪೈಪುಗಳು ಸರಿಯಾಗಿದ್ದವು. ಎಂಜಿನ್ನಿನ ಎಣ್ಣೆಗೆ ನೀರು ಸೇರಿದರೆ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದಂತೆ. ಅದೂ ಕಪ್ಪಗೇ ಇತ್ತು. ಅಷ್ಟು ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳಿದರೆ ತಮ್ಮ ನಗುತ್ತಿದ್ದ. "ಅದ್ಕೂ ದಾವ ಆಯ್ತದ ಕಣಣ್ಣ" ಎಂದು ಡಿಕ್ಕಿಯಲ್ಲಿ ಎರಡು ಕ್ಯಾನು ನೀರು ಇಟ್ಟುಕೊಂಡು ಹೊರಡುತ್ತಿದ್ದ.

ಅದು ಹಳೆಯ ಪೆಟ್ರೋಲ್ ಕಾರು. ತಮ್ಮ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ನಮ್ಮೂರು ಪಣಕಹಳ್ಳಿಯಿಂದ ಚಾಮರಾಜನಗರದ ಆಸ್ಪತ್ರೆಗೆ, ಒಮ್ಮೊಮ್ಮೆ ಹಾಸನೂರಿನ ಮೇಲೆ ಘಾಟಿ ಇಳಿದು ಸತ್ಯಮಂಗಲಕ್ಕೆ. ಘಾಟಿ ಹತ್ತುವಾಗ ಎಂಜಿನ್ ಕಾದರೆ ನಿಲ್ಲಿಸಿ ಆರಿಸಿಕೊಳ್ಳಬೇಕು. ಆದರೆ ಆನೆ ದಾಟುವ ಜಾಗದಲ್ಲಿ ಹಾಗೆ ನಿಲ್ಲಿಸಿಕೊಂಡು ಕೂರಲು ಆಗುವುದಿಲ್ಲ. ಕಾದ ಗಾಡಿಯನ್ನೇ ಮೇಲಕ್ಕೆ ಎಳೆದುಕೊಂಡು ಬರಬೇಕು. ಹಾಗೆ ಎಳೆದುಕೊಂಡು ಬಂದ ಒಂದು ದಿನ ಅದರ ಹೆಡ್ಡು ಸೀಳಿತು. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ದಪ್ಪ ಅಲ್ಯೂಮಿನಿಯಂ ಗಟ್ಟಿಗೆ ಹೆಡ್ಡು ಎನ್ನುತ್ತಾರೆ. ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ನೀರು ಸುತ್ತಾಡುವ ದಾರಿ ಎಲ್ಲವೂ ಅದರೊಳಗೇ ಇರುತ್ತವೆ.

ಸಂಶಯ ಹುಟ್ಟಿದ್ದು ಇಲ್ಲಿಂದಲೇ. ಆ ಹೆಡ್ಡು ಹಳೆಯದಾಗಿರಲಿಲ್ಲ. ಹಿಂದಿನ ವರ್ಷವಷ್ಟೇ ತಮ್ಮ ಕೊಯಮತ್ತೂರಿಗೆ ಹೋಗಿ ಹೊಸದನ್ನು ತಂದಿದ್ದ. ತಾಳವಾಡಿಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಅವನ ಸ್ನೇಹಿತ ಅದನ್ನು ಕೂರಿಸಿಕೊಟ್ಟಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಮ್ಮ ಮನೆಯ ಮುದ್ದೆಗೆ ಕೈ ಹಾಕುವ ಮುಂಚೆ ಆ ಹುಡುಗ ಯಾವತ್ತೂ ಕರೆಸಿಕೊಂಡವನಲ್ಲ. ಅಂಥವನು ಕೂರಿಸಿದ ಹೊಸ ಹೆಡ್ಡು ಒಂದು ವರ್ಷಕ್ಕೆ ಸೀಳಿತು.

ಕಾರು ಅಂಗಳದಲ್ಲಿ ನಿಂತಿದ್ದ ದಿನಗಳಲ್ಲೇ ತಮ್ಮ ತೀರಿಕೊಂಡ. ಮಧ್ಯಾಹ್ನ ಮುಸುಕಿನ ಜೋಳದ ಹೊಲದಿಂದ ಬಂದವನು ಜಗಲಿಯ ಮೇಲೆ ಕೂತು, ಎದೆ ಹಿಡಿದುಕೊಂಡು, ನೀರು ಕೇಳಿದ. ಅಂಗಿ ಪೂರ್ತಿ ಬೆವರಿನಿಂದ ನೆನೆದಿತ್ತು. ನನಗೂ ಕಾರು ಓಡಿಸಲು ಬರುತ್ತದೆ. ಕಾರು ಎದುರಿಗೇ ಇತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದು ಹೆರಿಗೆಯವರೊಬ್ಬರನ್ನು ಕರೆದುಕೊಂಡು ಹೋಗಿತ್ತು. ಟೊಮೆಟೊ ಇಳಿಸಿ ಬರುತ್ತಿದ್ದ ಒಂದು ವ್ಯಾನನ್ನು ಅಡ್ಡ ಹಾಕಿ ಅವನನ್ನು ಮಲಗಿಸಿಕೊಂಡು ಹೊರಟೆವು. ಚಾಮರಾಜನಗರ ಮುಟ್ಟುವ ಮೊದಲೇ ಅವನ ಕೈ ನನ್ನ ಕೈಯಲ್ಲಿ ಭಾರವಾಯಿತು. ಬೇಗ ಹೋಗಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಆಸ್ಪತ್ರೆಯವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಅವ್ವ ಮಾತ್ರ ತನ್ನಷ್ಟಕ್ಕೆ ಉತ್ತರ ಕಂಡುಕೊಂಡಿದ್ದಳು.

"ಅವ್ನೇ ಕಣ್ಲಾ" ಎಂದಳು, ತಿಥಿ ಮುಗಿದ ಮರುದಿನ. "ಒಸ ಎಡ್ಡ ತಾನು ಮಡೀಕಂಡು, ಅಳೇದ ಕೂರ್ಸಿ ಕಳ್ಸವ್ನ."

"ಗೊತ್ತಿಲ್ದೆ ಅನ್ಬ್ಯಾಡ ಕಣವ್ವ."

"ಗೊತ್ತಿಲ್ದೆ ಏನು? ಒಸದಾಗಿದ್ರ ಒಂದೊರ್ಸ್ಕ ಸೀಳ್ಬುಡ್ತದ? ತಿಥಿಗ್ ಬಂದ್ನಾ ಅವ್ನು? ನೀನೇ ಏಳು. ಉಣ್ಣಕ ಕುಂತ್ಕಂಡಿದ್ನಾ?"

ಬಂದಿರಲಿಲ್ಲ. ಮಣ್ಣಿಗೆ ಬಂದಿದ್ದ, ದೂರ ಬೇಲಿಯ ಹತ್ತಿರ ನಿಂತಿದ್ದ. ಎಲ್ಲರೂ ಹಿಡಿ ಮಣ್ಣು ಹಾಕಿದ ಮೇಲೆ ಕೊನೆಯಲ್ಲಿ ಬಂದು ಹಾಕಿ, ನನ್ನ ಮುಖ ನೋಡದೆ ಹೊರಟುಹೋದ. ಆಮೇಲೆ ನಮ್ಮ ಬೀದಿಯ ಕಡೆ ಸುಳಿಯಲಿಲ್ಲ. ಒಮ್ಮೆ ತಾಳವಾಡಿ ಬಸ್ ನಿಲ್ದಾಣದಲ್ಲಿ ನಾನು ಎದುರಾದಾಗ ಟೀ ಲೋಟ ಅರ್ಧಕ್ಕೇ ಇಟ್ಟು ಹೊರಟ. ಇದನ್ನೆಲ್ಲ ನಾನು ಅವ್ವನಿಗೆ ಹೇಳಿರಲಿಲ್ಲ. ಹೇಳದೆ ಇಟ್ಟುಕೊಂಡದ್ದು ಒಳಗೇ ಬೆಳೆಯಿತು. ಹೊಲದಲ್ಲಿ ಕಳೆ ಕೀಳುತ್ತಿದ್ದರೂ ಆ ಅರ್ಧ ಟೀ ಲೋಟ ಕಣ್ಣಿಗೆ ಬರುತ್ತಿತ್ತು. ನನ್ನ ತಮ್ಮನಿಗೆ ಅವನು ಮೋಸ ಮಾಡಿದ್ದನೇ? ಮಾಡಿದ್ದರೆ, ಆ ಮಧ್ಯಾಹ್ನ ಕಾರು ಅಂಗಳದಲ್ಲಿ ಸುಮ್ಮನೆ ನಿಂತದ್ದಕ್ಕೂ ಅವನೇ ಕಾರಣನಲ್ಲವೇ? ಇದೊಂದು ತಿಳಿಯದೆ ನನಗೆ ತಮ್ಮನಿಗಾಗಿ ಅಳುವುದಕ್ಕೂ ಆಗುತ್ತಿರಲಿಲ್ಲ. ಅಳು ಬರುವ ಹೊತ್ತಿಗೆ ಸಿಟ್ಟು ಬರುತ್ತಿತ್ತು.

ಕಾರನ್ನು ಬೇರೆ ಕಡೆ ರಿಪೇರಿ ಮಾಡಿಸೋಣ ಎಂದೆ. ಅವ್ವ ಒಪ್ಪಲಿಲ್ಲ.

"ಬ್ಯಾರೇರು ಬಿಚ್ಚುದ್ರ, ಅವ್ರೇ ಕದ್ದವ್ರ ಅಂತ ಇವ್ನು ಜಾರ್ಕತಾನ. ಅವನ ಕೈಲೇ ಬಿಚ್ಸು. ನೀನು ಪಕ್ಕದಲ್ಲೇ ಕುಂತ್ಕ. ನಾನು ಗುರ್ತಾಕಿವ್ನಿ."

"ಏನ್ ಗುರ್ತು?"

"ಒಸ ಎಡ್ಡು ಜಗಲಿ ಮ್ಯಾಲಿತ್ತಲ್ಲ, ಅವತ್ತೇ ಆಕ್ದಿ. ನಮ್ ಪಾತ್ರ ಗುರ್ತ."

ನಮ್ಮ ಕಡೆ ಮದುವೆಯಾಗಲಿ ತಿಥಿಯಾಗಲಿ, ಕೊಳಗ, ಗುಂಡಿ, ಸೌಟುಗಳನ್ನು ಬೀದಿಯ ಎಲ್ಲ ಮನೆಗಳಿಂದ ತಂದು ಸೇರಿಸುತ್ತಾರೆ. ಅಡುಗೆ ಮುಗಿದು ತೊಳೆದು ರಾಶಿ ಹಾಕಿದಾಗ ಯಾರದು ಯಾವುದು ಎಂದು ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಮನೆಗೂ ಒಂದು ಗುರುತು. ಈಗ ಅಂಗಡಿಯವರೇ ಹೆಸರು ಕೊರೆದುಕೊಡುತ್ತಾರೆ. ಆದರೂ ಅವ್ವ ಅದನ್ನು ನಂಬುವುದಿಲ್ಲ. ಒಂದೇ ಹೆಸರಿನವರು ಊರಿಗೆ ಎಷ್ಟು ಜನ ಇಲ್ಲ ಎನ್ನುತ್ತಾಳೆ. ನಮ್ಮ ಮನೆಯ ಗುರುತು ಒಲೆಗುಂಡುಗಳ ಹಾಗೆ ಇಟ್ಟ ಮೂರು ಚುಕ್ಕಿ. ಅಜ್ಜಿಯ ಕಾಲದ ಒಂದು ಮೊನೆ ಉಳಿ ಇದೆ, ಅದನ್ನು ಇಟ್ಟು ಗುಂಡುಕಲ್ಲಿನಿಂದ ಒಂದೊಂದು ಏಟು ಹೊಡೆಯುತ್ತಾಳೆ. ಹಾಲಿನ ಕ್ಯಾನು, ಗುದ್ದಲಿ, ನನ್ನ ಹಳೆಯ ಸೈಕಲ್ಲು, ಎಲ್ಲದರ ಮೇಲೂ ಆ ಚುಕ್ಕಿಗಳಿವೆ. ಮನೆಯಿಂದ ಹೊರಗೆ ಹೋಗುವ ವಸ್ತು ಗುರುತಿಲ್ಲದೆ ಹೋಗಬಾರದು, ಅಷ್ಟೇ. ಹೆಡ್ಡು ಮೆಕ್ಯಾನಿಕ್ ಶೆಡ್ಡಿಗೆ ಹೋಗುವುದಿತ್ತು, ಹಾಕಿದ್ದಾಳೆ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ತಾಳವಾಡಿಗೆ ಎಳೆಸಿದೆ. ಅದರ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದಿದ್ದೆ. ತಮ್ಮನ ಟವೆಲ್ಲು ಇನ್ನೂ ಸೀಟಿನ ಬೆನ್ನಿಗೆ ಹಾಕಿತ್ತು, ಬೀಡಿಯ ವಾಸನೆ ಹೋಗಿರಲಿಲ್ಲ. ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ನಿಂತಾಗ ಅವನು ಹೊರಗೆ ಬಂದ. ಕಾರನ್ನು ನೋಡಿದ, ನನ್ನನ್ನು ನೋಡಿದ, ಕೈ ಒರೆಸಿಕೊಳ್ಳುತ್ತಾ ನಿಂತ.

"ಬಿಚ್ಚಬೇಕು" ಎಂದೆ.

"ಅಳೇದ ಬಿಚ್ಚಿ ನೋಡಾದ್ರಲ್ಲಿ ಏನದ ಅಣ್ಣ? ಸೀಳೋಗದ ಅಂತ ಗೊತ್ತಲ್ಲ. ಒಸ ಎಡ್ಡ ತರ್ಸ್ಕಳಂವ. ಗಾಡಿ ಇಲ್ಲೇ ಇರ್ಲಿ, ನಾನು ಕೂರ್ಸ್ಬುಟ್ಟು ಮನಗೇ ತಂದ್ ಬುಡ್ತೀನಿ. ನೀನ್ಯಾಕ ಇಲ್ಲಿ ಕಾಯ್ಕಂಡಿದ್ದೀಯ?"

"ನಾನು ನೋಡ್ಬೇಕು."

ಅವನು ಕೊಯಮತ್ತೂರಿಗೆ ಫೋನ್ ಮಾಡಿ ಹೊಸ ಹೆಡ್ಡಿಗೆ ಹೇಳಿದ. ಅದು ಬಸ್ಸಿನಲ್ಲಿ ಪಾರ್ಸೆಲ್ ಬರುವವರೆಗೂ ಹಳೆಯದಕ್ಕೆ ಕೈ ಹಾಕಲಿಲ್ಲ. ಅಲ್ಲಿಯವರೆಗೂ ಬೆಳಿಗ್ಗೆ ಅವನು ಶೆಡ್ಡಿನ ಬಾಗಿಲು ತೆಗೆಯುವ ಮುಂಚೆ ನಾನು ಅಲ್ಲಿರುತ್ತಿದ್ದೆ. ಸಂಜೆ ಬೀಗ ಹಾಕಿದ ಮೇಲೆ ಕೊನೆಯ ಬಸ್ಸಿಗೆ ಹೊರಡುತ್ತಿದ್ದೆ. ಮೊಪೆಡ್ ರಿಪೇರಿಗೆ ತಂದಿದ್ದ ಒಬ್ಬ ಮುದುಕ ನನ್ನನ್ನು ನೋಡಿ ನೋಡಿ ಸಾಕಾಗಿ ಕೇಳಿದ:

"ಏನಪ್ಪ, ಮದ್ವ ಎಣ್ಣ ಕಾಯ್ದಂಗ ಕಾಯ್ತಾ ಕುಂತಿದ್ದೀಯ? ಗಾಡಿ ಓಡೋಯ್ತದ ಅಂತ್ಲಾ?"

"ಓಡಂಗಿದ್ರ ಇಲ್ಲಿಗ್ಯಾಕ್ ಬತ್ತಿತ್ತು ತಾತ" ಎಂದ ಮೆಕ್ಯಾನಿಕ್, ತಲೆ ಎತ್ತದೆ. ಮುದುಕ ನಕ್ಕ. ನಾನು ನಗಲಿಲ್ಲ. ಬೇರೆ ಕಾಲವಾಗಿದ್ದರೆ ನಗುತ್ತಿದ್ದೆ. ತಮ್ಮನೂ ಇವನೂ ಹೀಗೆಯೇ ಮಾತಾಡುತ್ತಿದ್ದರು.

ಪಾರ್ಸೆಲ್ ಬಂದ ಮೇಲೆ ಬಿಚ್ಚಲು ಶುರು ಮಾಡಿದ. ಉಳಿದಿದ್ದ ನೀರು ಇಳಿಸಿದ. ಗಾಳಿ ಸೋಸುವ ಡಬ್ಬಿ ತೆಗೆದ. ಮೇಲಿನ ಮುಚ್ಚಳ ತೆಗೆದು, ಒಳಗಿನ ಕಡ್ಡಿಗಳನ್ನು ಒಂದೊಂದಾಗಿ ಎಳೆದು, ತೂತು ಮಾಡಿಟ್ಟಿದ್ದ ರಟ್ಟಿಗೆ ವರಸೆಯಾಗಿ ಚುಚ್ಚಿದ. ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕಂತೆ. ಇಷ್ಟು ಎಚ್ಚರದಿಂದ ಕೆಲಸ ಮಾಡುವವನು ತಪ್ಪಿ ಏನನ್ನೂ ಮಾಡಿರಲಾರ, ಮಾಡಿದ್ದರೆ ಬೇಕೆಂದೇ ಮಾಡಿರಬೇಕು ಎಂದುಕೊಂಡೆ. ಅವನ ಒಳ್ಳೆಯ ಕೆಲಸವೂ ಆಗ ನನಗೆ ಅವನ ವಿರುದ್ಧದ ಸಾಕ್ಷಿಯಾಗಿಯೇ ಕಾಣುತ್ತಿತ್ತು.

ಹೆಡ್ಡಿನ ಪಕ್ಕಕ್ಕೆ ಗಾಳಿ ತರುವ ಕೊಳವೆಗಳ ಗುಂಪೊಂದು ಅಂಟಿಕೊಂಡಿರುತ್ತದೆ. ಇನ್‌ಟೇಕು ಎನ್ನುತ್ತಾರೆ. ಅದರ ನಟ್ಟುಗಳಿಗೆ ಸ್ಪ್ಯಾನರ್ ಇಟ್ಟವನು ನಿಲ್ಲಿಸಿದ.

"ಅಣ್ಣ, ಎಲ್ಡು ಟೀ ತಂದ್ಬುಡ್ತೀಯ? ಆ ಮೂಲ ಅಂಗ್ಡೀಲಿ."

ಅಷ್ಟು ದಿನ ಅವನು ನನ್ನಿಂದ ಟೀ ತರಿಸಿರಲಿಲ್ಲ. "ಆಮ್ಯಾಲ ಕುಡ್ಯಂವ" ಎಂದೆ.

"ಬಿಸ್ಲು ಜಾಸ್ತಿ. ನೀನಾರ ಕುಡ್ಕಂಡ್ ಬಾ."

"ನೀನು ಬಿಚ್ಚು."

ಬಿಚ್ಚಿದ. ಇನ್‌ಟೇಕು ಕೈಗೆ ಬಂತು. ಹೆಡ್ಡಿನ ನುಣುಪಾದ ಪಕ್ಕಕ್ಕೆ ಎರಡು ಲೋಹಗಳ ನಡುವೆ ಸೋರದಂತೆ ಹಾಕುವ ಗ್ಯಾಸ್ಕೆಟ್ಟಿನ ಹಳೆಯ ರಟ್ಟು ಅಲ್ಲಲ್ಲಿ ಅಂಟಿಕೊಂಡಿತ್ತು. ಅದನ್ನು ಪೂರ್ತಿ ಕೀಳುವ ಮುಂಚೆಯೇ ಅವನು ಬಗ್ಗಿ, ಬೆನ್ನನ್ನು ನನಗೆ ಅಡ್ಡ ಮಾಡಿ, ಉಜ್ಜುವ ಕಾಗದ ತೆಗೆದುಕೊಂಡ. ಬಿಸಾಕುವ ಹೆಡ್ಡನ್ನು ಯಾರಾದರೂ ಉಜ್ಜುತ್ತಾರೆಯೇ? ನಾನು ಎದ್ದುಹೋಗಿ ಅವನ ಮುಂಗೈ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ.

"ನೋಡ್ಬ್ಯಾಡ ಅಣ್ಣ" ಎಂದ.

ಸರಿದು ನೋಡಿದೆ. ಮೂರು ಚುಕ್ಕಿ ಇದ್ದವು. ಒಲೆಗುಂಡಿನ ಹಾಗೆ, ಮೇಲೊಂದು ಕೆಳಗೆರಡು. ನಮ್ಮದೇ. ತಮ್ಮ ತಂದ ಹೆಡ್ಡೇ ಅದು. ಅವನು ಬದಲಾಯಿಸಿರಲಿಲ್ಲ.

ನನ್ನ ಕೈ ಸಡಿಲವಾಯಿತು. ಆದರೆ ಸಂಶಯ ಸಡಿಲವಾಗಲಿಲ್ಲ. ತಾನು ಕಳ್ಳನಲ್ಲ ಎಂದು ತೋರಿಸುವ ಗುರುತನ್ನೇ ಇವನು ಉಜ್ಜಲು ಹೊರಟಿದ್ದನಲ್ಲ, ಏಕೆ?

ಅವನು ಬೆರಳಿಟ್ಟು ತೋರಿಸಿದ. ಆ ಪಕ್ಕದಲ್ಲಿ ಒಂದು ಸಣ್ಣ ತೂತು ಇತ್ತು. ಚಳಿಯಲ್ಲಿ ಗಾಳಿಯನ್ನು ಬೆಚ್ಚಗೆ ಮಾಡಲು ಇನ್‌ಟೇಕಿಗೂ ನೀರು ಹೋಗುತ್ತದಂತೆ, ಅದರ ದಾರಿ. ಪಕ್ಕದಲ್ಲೇ ಗಾಳಿ ಹೋಗುವ ದೊಡ್ಡ ತೂತು. ಎರಡರ ನಡುವೆ ಬೆರಳು ಅಗಲದ ಜಾಗ. ಅವ್ವನ ಚುಕ್ಕಿಗಳು ಆ ಜಾಗದಲ್ಲಿದ್ದವು. ನುಣ್ಣಗೆ ಖಾಲಿ ಕಂಡಿರಬೇಕು, ಅಲ್ಲಿಗೆ ಹೊಡೆದಿದ್ದಾಳೆ. ಉಳಿಯ ಏಟಿಗೆ ಪ್ರತಿ ಚುಕ್ಕಿಯ ಸುತ್ತಲೂ ಲೋಹ ಅಕ್ಕಿನುಚ್ಚಿನಷ್ಟು ಮೇಲೆದ್ದಿತ್ತು. ಅಷ್ಟು ಸಾಕು, ಗ್ಯಾಸ್ಕೆಟ್ ಅಲ್ಲಿ ಕಚ್ಚಿ ಕೂರುವುದಿಲ್ಲ. ನೀರಿನ ತೂತಿನಿಂದ ಹೊರಟ ಕಂದು ಬಣ್ಣದ ಕರೆಯೊಂದು ಚುಕ್ಕಿಗಳ ಮೇಲೆ ಹಾದು ಗಾಳಿಯ ತೂತಿನ ಬಾಯಿಗೆ ಸೇರಿತ್ತು. ಎಂಜಿನ್ ಉಸಿರು ಎಳೆದುಕೊಳ್ಳುವಾಗಲೆಲ್ಲ ಗಾಳಿಯ ಜೊತೆ ನೀರನ್ನೂ ಎಳೆದುಕೊಂಡು, ಕಾಸಿ, ಹಿಂದಿನಿಂದ ಆವಿಯಾಗಿ ಬಿಟ್ಟಿತ್ತು. ನೆಲಕ್ಕೆ ಹನಿ ಬೀಳದಿದ್ದುದು ಅದಕ್ಕೇ. ನಮ್ಮ ಊರಿನ ಬೆಳಗಿನ ಚಳಿಯಲ್ಲಿ ಯಾವ ಗಾಡಿ ಬಿಳಿ ಹೊಗೆ ಬಿಡುವುದಿಲ್ಲ? ಯಾರ ಕಣ್ಣಿಗೂ ಅದು ಬೇರೆಯಾಗಿ ಕಂಡಿರಲಿಲ್ಲ.

"ಕೂರ್ಸಾಗ್ಲೇ ಕಂಡಿದ್ದಿ ಅಣ್ಣ" ಎಂದ. "ತೇಯ್ದು ಸಮ ಮಾಡ್ತೀನಿ ಅಂದಿ. ನಿನ್ ತಮ್ಮ ಬುಡ್ನಿಲ್ಲ."

"ಯಾಕ?"

"'ಅವ್ವನ್ ಗುರ್ತು ಕಣ್ಲಾ ಅದು. ಅಳ್ಸುದ್ರ, ಮುಂದ್ಕ ಯಾವತ್ತಾರ ಬಿಚ್ದಾಗ ನಿನ್ನ ಕಳ್ಳ ಅಂದ್ಬುಡ್ತಾಳ. ಇರ್ಲಿ ಬುಡು' ಅಂದ. ಅಂಟ ತುಂಬ್ದಿ. ಮಳಗಾಲ ಕಳ್ಯಗಂಟ ನಿಂತ್ಕಂತು. ಆಮ್ಯಾಲ ಬುಟ್ಕಂತು. ಮತ್ತ ಬಿಚ್ಚಂವ ಅಂದ್ರ, ಜೋಳ ಮುರ್ದ್ ಮ್ಯಾಲ ಅಂದ."

ಮಾತು ಚೆನ್ನಾಗಿಯೇ ಇತ್ತು. ಆದರೆ ಸತ್ತವನ ಬಾಯಲ್ಲಿ ಯಾವ ಮಾತನ್ನಾದರೂ ಇಡಬಹುದು. ತಮ್ಮ ಹೋದ ಮೇಲೆ ಎಷ್ಟೋ ಜನ ಬಂದು ಅವನು ನನಗೆ ಹೀಗಂದಿದ್ದ, ಹಾಗಂದಿದ್ದ ಎಂದಿದ್ದರು. ಅದರಲ್ಲಿ ಅರ್ಧ ಅವನು ಆಡುವಂಥ ಮಾತೇ ಆಗಿರಲಿಲ್ಲ. ಚುಕ್ಕಿ ಕಂಡೂ ಸೋಮಾರಿತನದಿಂದ ಇವನೇ ಹಾಗೆಯೇ ಕೂರಿಸಿ, ಈಗ ತಮ್ಮನ ಮೇಲೆ ಹಾಕುತ್ತಿರಬಹುದಲ್ಲ?

"ತಿಥಿಗ್ ಯಾಕ್ ಬರ್ನಿಲ್ಲ?"

"ಬಂದು ಉಣ್ಣಕ ಕುಂತ್ರ ಅವ್ವ ಕೇಳ್ತಾಳ. ಕೇಳುದ್ರ ಏನಂತ ಏಳ್ಲಿ? ನೀನೇ ಏಳು." ಕಾಗದವನ್ನು ಕೆಳಗೆ ಹಾಕಿದ. "ಗುರ್ತಿತ್ತು ಅಂತ ಮಾತ್ರ ಅವ್ವಂಗೇಳು. ಮಿಕ್ಕದ್ದ ಏಳ್ಬ್ಯಾಡ."

ಹಾಗೆಯೇ ಹೇಳಿದೆ. ಅವ್ವ ರಾಗಿ ಕೇರುತ್ತಿದ್ದಳು. ಮೊರ ನಿಂತಿತು.

"ನೀನೇ ಕಂಡ್ಯಾ?"

"ನಾನೇ ಕಂಡಿ."

"ಅಂಗಾದ್ರ ಅವ್ನು ಕದ್ದಿಲ್ಲ."

"ಇಲ್ಲ."

ಮತ್ತೆ ಕೇರಿದಳು. ಹೊಟ್ಟು ಊದಿ ಕೇಳಿದಳು, "ಅಂಗಾದ್ರ ಯಾಕ್ ಸೀಳ್ತು?"

"ಕಾದು ಸೀಳ್ತು ಕಣವ್ವ."

"ಯಾಕ್ ಕಾಯ್ತು?"

"ನೀರಿರ್ನಿಲ್ಲ."

"ನೀರ್ ಎಲ್ಲಿಗೋಯ್ತು?"

ದನಕ್ಕೆ ಹುಲ್ಲು ಹಾಕುತ್ತೇನೆ ಎಂದು ಎದ್ದೆ. ಹಿಂದಿನಿಂದ ಅವಳ ಮಾತು ಬಂತು: "ನೀನೂ ಅವ್ನೂ ಒಂದಾಗ್ಬುಟ್ರಿ."

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವ್ವ ತೊಳೆದ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಮುಂದೆ ಹೋಗಿ ಹೆಂಗಸರ ಸೀಟಿನಲ್ಲಿ ಕೂತಳು. ಶೆಡ್ಡಿನೊಳಗೆ ಅವಳು ಕಾಲಿಟ್ಟಾಗ ಅವನು ಕಾರಿನ ಕೆಳಗಿದ್ದ. ಅವಳ ಪಾದ ನೋಡಿಯೇ ಗೊತ್ತಾಗಿರಬೇಕು, ಅಲ್ಲೇ ಸ್ವಲ್ಪ ಹೊತ್ತು ಉಳಿದ.

"ಎದ್ ಬಾ ಈಚಕ. ಗುರ್ತ ತೋರ್ಸು" ಎಂದಳು ಅವ್ವ.

ಹಳೆಯ ಹೆಡ್ಡು ಗೋಣಿಚೀಲದ ಮೇಲಿತ್ತು. ಹಿಂದಿನ ದಿನವೇ ಅದನ್ನು ಎಲ್ಲಾದರೂ ಸೇರಿಸಬಹುದಿತ್ತು, ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅವನು ತಿರುಗಿಸಿ ತೋರಿಸಿದ. ಅವ್ವ ಕುಕ್ಕರುಗಾಲಲ್ಲಿ ಕೂತಳು. ಮೊದಲು ಮೂರು ಚುಕ್ಕಿಗಳನ್ನು ಮುಟ್ಟಿದಳು. ಬೆರಳು ಅಲ್ಲಿಗೆ ನಿಲ್ಲಲಿಲ್ಲ. ಕಂದು ಕರೆ ಹಿಡಿದು ನೀರಿನ ತೂತಿನವರೆಗೆ ಹೋಯಿತು, ಅಲ್ಲಿಂದ ತಿರುಗಿ ಚುಕ್ಕಿಗಳ ಮೇಲೆ ಹಾದು ದೊಡ್ಡ ತೂತಿಗೆ ಬಂತು.

"ಇದೇನ್ಲಾ ಕರ?"

"ಅದಾ? ಅದು ಸುಮ್ನ ಕಣವ್ವ. ಎಲ್ಲಾ ಗಾಡೀಲೂ ಇರ್ತದ."

"ನೀರ್ ಎಲ್ಲಿಂದ ಓಗ್ತಿತ್ತು?"

"ರೇಡಿಯೇಟ್ರು ತೂತಾಗಿತ್ತು" ಎಂದ. ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಲು ಶುರು ಮಾಡಿದ.

"ರೇಡಿಯೇಟ್ರಾ?"

"ಊಂ. ಪೈಪೂವೆ. ಪೈಪು ಒಸಿ ಬುಟ್ಕಂಡಿತ್ತು."

"ರೇಡಿಯೇಟ್ರು ತೂತಾಗಿತ್ತೊ, ಪೈಪ್ ಬುಟ್ಕಂಡಿತ್ತೊ?"

"ಎಲ್ಡೂವೆ" ಎಂದ. ಕಿವಿಯ ತುದಿ ಕೆಂಪಾಗಿತ್ತು. ಸ್ಪ್ಯಾನರಿನಲ್ಲಿ ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಒರೆಸುತ್ತಿದ್ದ. ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಚಾವಣಿಯ ಶೀಟು ನೋಡಿದ. ನೆಲಕ್ಕೆ ತೊಟ್ಟಿಕ್ಕದೆ ಎರಡು ಕಡೆ ಸೋರುವುದು ಹೇಗೆ ಎಂದು ಮಕ್ಕಳೂ ಕೇಳುತ್ತಾರೆ. ಅಷ್ಟನ್ನೂ ಅವನು ಯೋಚಿಸಿರಲಿಲ್ಲ.

ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ಕಂಡಿಲ್ಲ. ಅದನ್ನು ನೋಡುತ್ತಾ ನಿಂತಿದ್ದ ನನಗೆ, ಹಿಂದಿನ ದಿನ ನನ್ನ ಮುಖ ನೋಡಿ ತಮ್ಮನ ಮಾತನ್ನು ಒಂದೇ ಸಮ ಹೇಳಿದ್ದವನ ಧ್ವನಿ ನೆನಪಾಯಿತು. ಆಗ ಅವನ ಕೈ ಸುಮ್ಮನಿತ್ತು. ಟೀ ತರಲು ಕಳಿಸಿದ್ದು, ಬಸ್ ನಿಲ್ದಾಣದಲ್ಲಿ ಲೋಟ ಇಟ್ಟು ಓಡಿದ್ದು, ಬೇಲಿಯ ಹತ್ತಿರ ನಿಂತದ್ದು ಎಲ್ಲವೂ ಈ ಒಂದು ಸುಳ್ಳನ್ನು ಹೇಳಲಾರದವನ ಪಾಡು.

"ಬುಡು" ಎಂದಳು ಅವ್ವ. "ಪಾತ್ರ ಸೋರಾಗ ಕರ ಎಂಗ್ ನಿಲ್ಲದು ಅಂತ ನಂಗೊತ್ತಿಲ್ವ? ವಯ್ಸೆಲ್ಲಾ ಪಾತ್ರ ಬೆಳ್ಗೀವ್ನಿ."

ಅವ್ವ ಎದ್ದು ಹಳೆಯ ಟೈರಿನ ಮೇಲೆ ಕೂತಳು. ಸೆರಗನ್ನು ಮಡಿಲಲ್ಲಿ ಸೇರಿಸಿ ಹಿಡಿದುಕೊಂಡಳು. ರಸ್ತೆಯಲ್ಲಿ ಕೋಸು ತುಂಬಿದ ಲಾರಿಯೊಂದು ಹೋಯಿತು, ಅದರ ಸದ್ದು ಪೂರ್ತಿ ಅಡಗುವವರೆಗೆ ಕಾದಂತೆ ಕೂತಿದ್ದಳು.

"ಅವ್ನು ಕಂಡಿದ್ನಾ, ಗುರ್ತ?"

ಮೆಕ್ಯಾನಿಕ್ ನನ್ನನ್ನು ನೋಡಿದ. ಹೇಳು ಎಂದು ನಾನು ತಲೆಯಾಡಿಸಿದೆ.

"ಕಂಡಿದ್ದ ಕಣವ್ವ."

"ಬೈದ್ನಾ ನನ್ನ?"

"ಇಲ್ಲ. ನಕ್ಕಂಡ. 'ನಮ್ಮವ್ವ ಒಂದಿನ ನನ್ ಬೆನ್ಗೂ ಮೂರ್ ಚುಕ್ಕಿ ಒಡ್ದು ಬಾಡ್ಗಗ ಕಳಿಸ್ತಾಳ ನೋಡು' ಅಂದ."

ಸ್ಪ್ಯಾನರು ಅವನ ಕೈಯಲ್ಲಿ ಸುಮ್ಮನಿತ್ತು.

ಅದು ನನ್ನ ತಮ್ಮನ ಮಾತು. ಅಷ್ಟು ಜನ ಬಂದು ಹೇಳಿಹೋದ ಮಾತುಗಳಲ್ಲಿ ಅವನ ಬಾಯಿಂದಲೇ ಬಂದದ್ದು ಇದೊಂದೇ. ಅವನು ಸತ್ತ ಮೇಲೆ ಅವನ ಧ್ವನಿ ನನಗೆ ಕೇಳಿಸಿದ್ದು ಆವತ್ತೇ ಮೊದಲು. ನಾನು ಹೊರಗೆ ಹೋಗಿ ಕಾರಿನ ಹಿಂದೆ ನಿಂತು ಅತ್ತೆ. ಒಳಗೆ ಅವ್ವ ಅಳುತ್ತಿದ್ದಳೋ ಇಲ್ಲವೋ ನೋಡಲಿಲ್ಲ. ನಾನು ಬಂದಾಗ ಅವಳ ಮುಖ ಒಣಗಿತ್ತು, ಸೆರಗು ಒದ್ದೆಯಾಗಿತ್ತು.

"ಕೂತ್ಕಂಡ್ ಏನ್ಲಾ ನೋಡ್ತಿದ್ದೀಯ, ಕೆಲ್ಸ ಮಾಡು" ಎಂದು ಅವನಿಗೆ ಹೇಳುತ್ತಿದ್ದಳು.

ಅವನು ಕೆಲಸ ಮಾಡಿದ. ಎಂಜಿನ್ನಿನ ಮೇಲ್ಮೈ ಕೆರೆದು, ಒರೆಸಿ, ನೇರವಾದ ಪಟ್ಟಿಯೊಂದನ್ನು ಇಟ್ಟು ಬೆಳಕು ನುಸುಳುತ್ತದೆಯೇ ಎಂದು ನೋಡಿದ. ಹೊಸ ಗ್ಯಾಸ್ಕೆಟ್ ಹಾಸಿದ. ಹೊಸ ಹೆಡ್ಡನ್ನು ನಾವಿಬ್ಬರೂ ಎತ್ತಿ ಇಳಿಸಿದೆವು. ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ, ಒಮ್ಮೆಲೇ ಬಿಗಿಯದೆ, ಸುತ್ತು ಸುತ್ತಿಗೂ ಇಷ್ಟಿಷ್ಟೇ ಬಿಗಿದ. ಇನ್‌ಟೇಕಿನ ಅಂಚಿಗೆ ತೆಳ್ಳಗೆ ಅಂಟು ಎಳೆದು, ಅದು ಕೆನೆ ಕಟ್ಟುವವರೆಗೆ ಕಾದು, ಕೂರಿಸಿದ. ಅವ್ವ ಟೈರಿನ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಅಂಟಿನ ಟ್ಯೂಬು ಎಲ್ಲಿಯದು ಎಂದು ಕೇಳಿದಳು. ಕೈ ತೊಳೆದುಕೊಂಡೆಯಾ ಎಂದು ಕೇಳಿದಳು. ಒಂದು ಬೋಲ್ಟನ್ನು ತೋರಿಸಿ, ಅದನ್ನು ಬಿಗಿದದ್ದು ತಾನು ಕಾಣಲಿಲ್ಲ ಎಂದಳು. ಅವನು ಮತ್ತೆ ರೆಂಚು ಇಟ್ಟು ಅದು ತಿರುಗುವುದಿಲ್ಲವೆಂದು ತೋರಿಸಿದ.

ಎಲ್ಲ ಸೇರಿಸಿ, ನೀರು ತುಂಬಿಸಿ, ನನ್ನನ್ನು ಕೂರಲು ಹೇಳಿದ. ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಹಿಡಿದುಕೊಂಡಿತು. ಸೀಟು ನಡುಗಿತು. ಕನ್ನಡಿಯಲ್ಲಿ ನೋಡಿದೆ, ಹಿಂದಿನಿಂದ ಬಿಳಿ ಹೊಗೆ.

ಅವ್ವ ಎದ್ದು ನಿಂತಿದ್ದಳು. "ಒಗ ಬತ್ತಾದಲ್ಲ?"

"ತಣ್ಗಿದ್ದಾಗ ಬತ್ತದ ಕಣವ್ವ. ಎಂಜಿನ್ ಕಾದ್ ಮ್ಯಾಲ ಓಯ್ತದ."

"ನನ್ ಮಗನೂ ಅಂಗೇ ಅಂತಿದ್ದ" ಎಂದಳು.

ಅವ್ವ ಕಾರಿನ ಹಿಂದೆ ಹೋಗಿ, ಕೂತು, ಸೈಲೆನ್ಸರಿನ ಬಾಯಿಗೆ ಸ್ವಲ್ಪ ದೂರದಲ್ಲಿ ಅಂಗೈ ಹಿಡಿದಳು. ತೆಗೆದು ನೋಡಿದಳು. ಒದ್ದೆ. ಸೀರೆಗೆ ಒರೆಸಿಕೊಂಡು ಮತ್ತೆ ಹಿಡಿದಳು. ಆಫ್ ಮಾಡಲೇ ಎಂದು ಕೇಳಿದೆ. ಮಾಡಬೇಡ ಎಂದು ಕೈ ಬೀಸಿದಳು. ಬಿಸಿ ಹತ್ತುತ್ತದೆ, ದೂರ ಸರಿ ಎಂದು ಅವನು ಹೇಳಿದ. ಅವಳು ಒಂದು ಗೇಣು ಸರಿದಳು, ಅಷ್ಟೇ. ಎಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲಕ್ಕೆ ಏರಿ ನಡುವಿನಲ್ಲಿ ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ.

ಕನ್ನಡಿಯಲ್ಲಿ ಹೊಗೆ ತೆಳುವಾಗಿ, ಆಮೇಲೆ ಕಾಣದಾಯಿತು. ಅವ್ವ ಕೈ ಹಿಡಿದೇ ಇದ್ದಳು. ಮೆಕ್ಯಾನಿಕ್ ಅವಳ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತ. ಅವಳು ಅಂಗೈಯನ್ನು ಎಳೆದುಕೊಂಡು, ತಿರುಗಿಸಿ ನೋಡಿ, ಅವನ ಮುಂದೆ ಹಿಡಿದಳು. ಅವನು ತನ್ನ ಬೆರಳಿನಿಂದ ಅದನ್ನು ಒತ್ತಿ ನೋಡಿದ.

"ಒಣಗೋಗದ, ನೀರಿಲ್ಲ" ಎಂದ.

"ಇನ್ನೊಸಿ ಒತ್ತು ಓಡ್ಲಿ" ಎಂದಳು ಅವ್ವ, ಮತ್ತೆ ಕೈ ಹಿಡಿದಳು.